ಹೇಳಿ ಮುರಿದ ಗಾಜು

ಗಾಜು ಕೊಯ್ಯುವುದು ಎನ್ನುವುದು ಬರೀ ಬಾಯಿಮಾತು. ಗಾಜನ್ನು ಯಾರೂ ಕೊಯ್ಯುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಕಟರ್ ಹಿಡಿದು ಅದರ ಮೇಲೊಂದು ಗೀರು ಎಳೆಯುತ್ತಾರೆ. ಆ ಗೀರು ಮೇಜಿನ ಅಂಚಿಗೆ ಬರುವಂತೆ ಸರಿಸಿಕೊಂಡು ಎರಡು ಕೈಯಲ್ಲಿ ಒತ್ತಿ ಮುರಿಯುತ್ತಾರೆ. ಎರಡರ ನಡುವೆ ಹೊತ್ತು ಕಳೆಯಬಾರದು. ಗೀರು ಆರಿತೆಂದರೆ ಗಾಜು ಹೇಳಿದ ಮಾತು ಕೇಳುವುದಿಲ್ಲ, ತನಗೆ ಬೇಕಾದ ಕಡೆ ಒಡೆದುಕೊಳ್ಳುತ್ತದೆ. ಹಾಗಾಗಿ ಗೀರಿದ ಕೈಯೇ ಮುರಿಯಬೇಕು ಎನ್ನುವುದು ಈ ಕಸುಬಿನ ಮೊದಲನೇ ಪಾಠ. ಊರಿನ ಅರ್ಧಕ್ಕರ್ಧ ಗಾಜಿನವರಿಗೆ ಈ ಪಾಠ ಕಲಿಸಿದವರು ಮಾವ. ಆದರೆ ಯುದ್ಧ ನಿಂತಾಗಿನಿಂದ, ಅಂದರೆ ಹತ್ತಿರ ಹತ್ತಿರ ಒಂದೂವರೆ ವರ್ಷದಿಂದ, ಅವರ ಅಂಗಡಿಯಲ್ಲಿ ಗೀರುವುದು ಮಾವ, ಮುರಿಯುವುದು ಸೊಸೆ.

ಇದನ್ನು ಇಬ್ಬರೂ ಕೂತು ಮಾತಾಡಿ ತೀರ್ಮಾನ ಮಾಡಿದ್ದಲ್ಲ. ಅಂಗಡಿಯ ಷಟರ್ ಮತ್ತೆ ಎತ್ತಿದ ಮೊದಲ ದಿನ ಮಾವ ಒಂದು ಗಾಜಿಗೆ ಗೀರು ಎಳೆದು, ಕಟರ್ ಕೆಳಗಿಟ್ಟು, "ನೀರು ಕುಡಿದು ಬರ್ತೀನಿ" ಎಂದು ಹಿತ್ತಿಲ ನಲ್ಲಿಯ ಹತ್ತಿರ ಹೋದರು. ಹೋದವರು ಬರಲೇ ಇಲ್ಲ. ಗಿರಾಕಿ ಎದುರಿಗೆ ನಿಂತು ಮೇಜನ್ನೂ ಅವಳನ್ನೂ ನೋಡುತ್ತಿದ್ದ. ಗಂಡ ಮುರಿಯುವುದನ್ನು ಅವಳು ನೂರಾರು ಸಲ ನೋಡಿದ್ದಳು. ಗಾಜನ್ನು ಅಂಚಿಗೆ ಸರಿಸಿ ಒತ್ತಿದಳು. ಟಕ್ ಎಂದು ನೇರವಾಗಿ ಬಂತು. ಆ ಸದ್ದು ಆದಮೇಲೆ ಮಾವ ಬಾಯಿ ಒರೆಸಿಕೊಳ್ಳುತ್ತ ಬಂದರು, ಮುರಿದ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದರು, ಮುಂದಿನ ಗಾಜು ಎತ್ತಿಕೊಂಡರು. ಅವತ್ತಿನಿಂದ ದಿನಕ್ಕೆ ಇಪ್ಪತ್ತು ಗಾಜು ಎಂದರೆ ಇಪ್ಪತ್ತು ಸಲ ನೀರು. ಅಕ್ಕಪಕ್ಕದ ಅಂಗಡಿಯವರು ಮುದುಕನಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ತಾವೇ ನಿರ್ಧರಿಸಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಸೊಸೆಗೆ ಬುದ್ಧಿ ಹೇಳಿದ್ದರು. ಅವಳು ಹೂಂ ಅಂದಿದ್ದಳು.

ಅಂಗಡಿಯ ಎದುರು ಭಾಗಕ್ಕೆ ಮೊದಲು ಹತ್ತು ಅಡಿ ಉದ್ದದ ಒಂದೇ ಗಾಜು ಇತ್ತು. ಮಾವನ ಹೆಮ್ಮೆ ಅದು. ಯುದ್ಧ ಶುರುವಾದಾಗ ಊರಿನವರೆಲ್ಲ ಕಿಟಕಿಗಳಿಗೆ ಅಡ್ಡಡ್ಡ ಟೇಪ್ ಅಂಟಿಸಿದಂತೆ ಅದಕ್ಕೂ ಅಂಟಿಸಿದ್ದರು. ಆ ದಿನ ಮಾವ ಒಂದು ಮನೆಗೆ ಅಳತೆಗೆ ಹೋಗಿದ್ದರು, ಅದೂ ಎರಡನೇ ಸಲ. ಹಿಂದಿನ ದಿನ ತೆಗೆದ ಅಳತೆಯ ಚೀಟಿ ಎಲ್ಲೋ ಬಿದ್ದುಹೋಗಿತ್ತು. "ನೀವು ಹೋಗ್ಬನ್ನಿ, ಇಲ್ಲಿ ನಾನಿದೀನಿ" ಎಂದು ಮಗ ಹೇಳಿದ್ದ. ಅಡ್ಡರಸ್ತೆಗೆ ಶೆಲ್ ಬಿತ್ತು. ಊರಿಗೆಲ್ಲ ಕೇಳಿಸಿದ್ದು ಶೆಲ್ಲಿನ ಸದ್ದು. ಎರಡು ಬೀದಿ ಆಚೆ ಏಣಿಯ ಮೇಲಿದ್ದ ಮಾವನಿಗೆ ಕೇಳಿಸಿದ್ದು ಅದರ ಹಿಂದೆಯೇ ಬಂದ ಇನ್ನೊಂದು ಸದ್ದು. ಅದು ಯಾವ ಗಾಜು, ಎಷ್ಟು ದಪ್ಪದ್ದು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸೊಸೆ ಅಳುವುದನ್ನೆಲ್ಲ ಮೊದಲ ಮೂರು ತಿಂಗಳಲ್ಲಿ ಅತ್ತು ಮುಗಿಸಿದ್ದಳು, ಅಥವಾ ಹಾಗೆಂದುಕೊಂಡಿದ್ದಳು. ಆಮೇಲೆ ಕೆಲಸ ಸಿಕ್ಕಿತು. ಊರಿಗೆ ಊರೇ ಗಾಜಿಲ್ಲದೆ ಕೂತಿತ್ತು. ಜನ ಅಳತೆಯನ್ನು ದಾರದಲ್ಲಿ ಗಂಟು ಹಾಕಿಕೊಂಡು ತರುತ್ತಿದ್ದರು, ಬೆಲ್ಟಿನಲ್ಲಿ ತರುತ್ತಿದ್ದರು, ಒಬ್ಬಾತ ಎರಡು ಕೈಯನ್ನು ಅಗಲಕ್ಕೆ ಚಾಚಿಕೊಂಡು ಹಾಗೆಯೇ ಬೀದಿಯುದ್ದಕ್ಕೂ ನಡೆದು ಬಂದಿದ್ದ, ಬಾಗಿಲಲ್ಲಿ ಸಿಕ್ಕಿಹಾಕಿಕೊಂಡ. ಒಬ್ಬ ಹೆಂಗಸು "ನನ್ನ ದೊಡ್ಡ ಮಗನ ಭುಜದ ತನಕ ಎತ್ತರ" ಎಂದಳು. ಮಗನನ್ನು ಕರೆತನ್ನಿ ಎಂದರೆ, "ಅವನಿಲ್ಲ. ಭುಜ ಎಲ್ಲಿಗೆ ಬರ್ತಿತ್ತು ಅಂತ ನಂಗೆ ಗೊತ್ತು" ಎಂದು ತನ್ನ ಹಣೆಯ ಮೇಲೆ ಅಂಗೈ ಅಡ್ಡ ಇಟ್ಟು ತೋರಿಸಿದಳು. ಮಾವ ಟೇಪು ಹಿಡಿದು ನೆಲದಿಂದ ಅವಳ ಹಣೆಯವರೆಗೆ ಅಳೆದುಕೊಂಡರು. ಆ ಗಾಜು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಲಿಲ್ಲ.

ಸೊಸೆ ಯಾರಿಗೂ ಹೇಳದ ಒಂದು ವಿಷಯವಿತ್ತು. ಅವಳಿಗೆ ಮುರಿಯುವುದು ಇಷ್ಟ. ಹೆಬ್ಬೆರಳಿನ ಕೆಳಗೆ ಗಾಜು ಒಂದು ಕ್ಷಣ ಬಿಗಿಯಾಗಿ ನಿಂತು, ಆಮೇಲೆ ಒಮ್ಮೆಲೇ ಸೋತು ಬಿಟ್ಟುಕೊಡುತ್ತದಲ್ಲ, ಅದು. ಇಪ್ಪತ್ತು ಮುರಿದ ದಿನ ಅವಳಿಗೆ ಒಳ್ಳೆಯ ನಿದ್ದೆ. ಐದು ಮುರಿದ ದಿನ ಅರ್ಧ ನಿದ್ದೆ.

ಇಷ್ಟಾಗಿ ನಡೆಯುತ್ತಿದ್ದ ಬದುಕಿಗೆ ಒಂದು ಕಾಗದ ಬಂತು. ಯುದ್ಧಕ್ಕೆ ಮುಂಚೆ ಅವಳು ಏಳು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮುಂದಿನ ತಿಂಗಳು ಒಂದನೇ ತಾರೀಖಿಗೆ ಶಾಲೆ ಮತ್ತೆ ತೆರೆಯುತ್ತದೆ, ಬರುತ್ತೀರೋ ಇಲ್ಲವೋ ಶುಕ್ರವಾರದೊಳಗೆ ತಿಳಿಸಿ ಎಂದು ಹೆಡ್ ಮೇಡಂ ಬರೆದಿದ್ದರು. ಕಾಗದ ನಾಲ್ಕು ಮಡಿಕೆಯಾಗಿ ಅವಳ ಚೀಲದಲ್ಲಿ, ಊಟದ ಡಬ್ಬಿಗೂ ಅಳತೆ ಟೇಪಿಗೂ ನಡುವೆ ಹನ್ನೆರಡು ದಿನ ಓಡಾಡಿತು. ಹೋಗಬೇಕೆಂಬ ಆಸೆ ಗಂಟಲವರೆಗಿತ್ತು. ಆದರೆ ಅವಳು ಹೋದರೆ ಮುರಿಯುವವರು ಯಾರು? ಮಾವನಿಗೆ ಹೇಳಿದರೆ "ಹೋಗಮ್ಮ" ಎಂದು ಒಂದೇ ಮಾತಿನಲ್ಲಿ ಮುಗಿಸಿ ಷಟರ್ ಎಳೆದುಬಿಡುತ್ತಾರೆ. ಎಳೆದ ಮೇಲೆ ಮನೆಯಲ್ಲಿ ಕೂರುತ್ತಾರೆ. ಕೂರುವುದು ಎಂದರೇನು ಎಂಬುದನ್ನು ಅವಳು ಇದೇ ಬೀದಿಯಲ್ಲಿ ನೋಡಿದ್ದಳು. ಕೈಗಡಿಯಾರ ರಿಪೇರಿಯವರು ಅಂಗಡಿ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಕೂತರು. ನಾಲ್ಕು ತಿಂಗಳಿಗೆ ಮುಗಿದುಹೋದರು. ಡಾಕ್ಟರು ಹುಡುಕಿದರೂ ಕಾಯಿಲೆ ಸಿಗಲಿಲ್ಲ.

ಆ ವಾರದ ಕೆಲಸ ಇದ್ದದ್ದೂ ಶಾಲೆಯಲ್ಲೇ. ಅಷ್ಟೂ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರು, ಗಾಳಿ ಬಂದರೆ ಕಟ್ಟಡಕ್ಕೆ ಕಟ್ಟಡವೇ ಪಟಪಟ ಎನ್ನುತ್ತಿತ್ತು. ಒಂದನೇ ತಾರೀಖಿನೊಳಗೆ ಗಾಜು ಕೂರಬೇಕು. ಮಾವ ಕಾರಿಡಾರಿನಲ್ಲಿ ಎರಡು ಡೆಸ್ಕ್ ಜೋಡಿಸಿ, ಮೇಲೆ ಹಳೇ ಕಂಬಳಿ ಹಾಸಿ ಮೇಜು ಮಾಡಿಕೊಂಡರು. ಸೋಮವಾರ ಇನ್ನೊಂದು ಬದಿಯ ಕೋಣೆಗಳು ಮುಗಿದವು. ಮಂಗಳವಾರ ಬೆಳಗ್ಗೆ ನಾಲ್ಕನೇ ಕ್ಲಾಸಿನ ಮುಂದೆ ಮೇಜು ಹಾಕಿದರು.

ಒಳಗೆ ಜನ ಇದ್ದಾರೆಂಬುದು ಸೊಸೆಗೆ ಗೊತ್ತಿತ್ತು. ಆಸ್ಪತ್ರೆ ಅರ್ಧ ಬಿದ್ದಿದ್ದರಿಂದ ಮನಸ್ಸಿನ ಡಾಕ್ಟರಮ್ಮ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಆ ಕೋಣೆಯಲ್ಲಿ ಕೂರುತ್ತಿದ್ದರು. ಎಂಟು ಹತ್ತು ಜನ ವೃತ್ತವಾಗಿ ಕೂತು ಮಾತಾಡುತ್ತಾರಂತೆ. ಊರಿನಲ್ಲಿ ಅದಕ್ಕೆ 'ದುಂಡುಮೇಜಿಲ್ಲದ ದುಂಡುಮೇಜು' ಎಂದು ತಮಾಷೆ ಮಾಡುತ್ತಿದ್ದರು. ಮಾವ ಗೀರಿದರು, ಕಟರ್ ಕೆಳಗಿಟ್ಟರು, ಈ ಬದಿಯಲ್ಲಿ ನಲ್ಲಿ ಎಲ್ಲಿದೆ ಎಂದು ಕಣ್ಣಾಡಿಸುತ್ತ ಹೊರಟರು. ಅವಳು ಗಾಜು ಸರಿಸಿ ಒತ್ತಿದಳು.

ಟಕ್!

ಒಳಗೆ ಕುರ್ಚಿಗಳು ಉರುಳಿದವು. ಯಾರೋ ಕಿರುಚಿದರು. ಅವಳು ಬಾಗಿಲು ತಳ್ಳಿ ನೋಡಿದರೆ ಕೋಣೆಯಲ್ಲಿ ಡಾಕ್ಟರಮ್ಮ ಒಬ್ಬರೇ ಕೂತಿದ್ದರು. ಉಳಿದವರೆಲ್ಲ ಎಲ್ಲಿ ಎಂದು ನೋಡುತ್ತಾಳೆ, ಎಂಟು ಜನ ದೊಡ್ಡವರು ಒಂಬತ್ತು ವರ್ಷದ ಮಕ್ಕಳ ಬೆಂಚುಗಳ ಕೆಳಗೆ ಮಂಡಿ ಮಡಚಿ, ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ಬಸ್ ಓಡಿಸುತ್ತಿದ್ದ ಹಾರ್ನ್ ಅಣ್ಣನಂತೂ ಅರ್ಧ ಒಳಗೆ ಅರ್ಧ ಹೊರಗೆ. ಅವನ ಗಂಟಲಿನಿಂದಾಗಿ ಬಂದ ಹೆಸರು ಅದು. ಪಿಸುಮಾತು ಆಡಿದರೂ ಎದುರು ಮನೆಗೆ ಕೇಳಿಸುವಂಥ ಗಂಟಲು.

ಅವಳಿಗೆ ಮೈಯೆಲ್ಲ ನಾಚಿಕೆ. ಇಷ್ಟು ದಿನ ಒಂದೇ ಮನೆಯಲ್ಲಿ ಇದೇ ಸದ್ದಿನಿಂದ ಓಡಿಹೋಗುವ ಮನುಷ್ಯನನ್ನು ಇಟ್ಟುಕೊಂಡು, ಇಲ್ಲಿ ಯೋಚಿಸದೆ ಮುರಿದಿದ್ದಳು. "ತಪ್ಪಾಯ್ತು. ಗಾಜು ಅಷ್ಟೇ. ಕಿಟಕಿಗೆ. ನಾವು ಗಾಜಿನವರು" ಎಂದಳು.

ಬೆಂಚಿನ ಕೆಳಗಿನಿಂದ ಹಾರ್ನ್ ಅಣ್ಣ ಕೂಗಿದ. "ಅಕ್ಕಾ, ನೀವು ಯಾರಾದ್ರೂ ಆಗಿ, ಮೊದ್ಲು ನನ್ನ ಸೊಂಟ ಬಿಡಿಸಿ! ಇದು ಬೆಂಚೋ ಇಲಿ ಬೋನೋ?"

ಒಬ್ಬರು ನಕ್ಕರು. ಬೆಂಚಿನ ಕೆಳಗೇ ಇದ್ದ ಹೊಲಿಗೆಯಮ್ಮ ಅಳುತ್ತಿದ್ದವರು ನಗುವಿಗೆ ಹೊರಳಿದರು. ಸೊಸೆ ಬೆಂಚನ್ನು ಎತ್ತಿ ಹಿಡಿದಳು, ಅವನು ಉಸಿರು ಬಿಡುತ್ತ ಹೊರಬಂದು, ಗೋಡೆಗೆ ಒರಗಿಸಿದ್ದ ಊರುಗೋಲು ಹುಡುಕಿಕೊಂಡ.

ಡಾಕ್ಟರಮ್ಮ ಕಾರಿಡಾರಿಗೆ ಬಂದರು. ಮೂವತ್ತೂ ದಾಟದ ಹೆಂಗಸು, ಮಾತು ಕತ್ತರಿಸಿ ಇಟ್ಟಂತೆ. "ನಿಮ್ಮ ಕೆಲಸ ನಿಲ್ಲಿಸಿ ಅನ್ನೋಕೆ ನಂಗೆ ಅಧಿಕಾರ ಇಲ್ಲ. ಆದ್ರೆ ಹೀಗೆ ನಡೆದ್ರೆ ಒಳಗೆ ನನ್ನ ಕೆಲಸ ಆಗಲ್ಲ."

"ನಾವು ಮೇಜನ್ನ ಇನ್ನೊಂದು ಬದಿಗೆ ಹಾಕ್ಕೋತೀವಿ ಬಿಡಿ."

"ಬ್ಯಾಡ ಬ್ಯಾಡ" ಎಂದು ಹಾರ್ನ್ ಅಣ್ಣ ಬಾಗಿಲಲ್ಲಿ ನಿಂತ. "ಆ ಬದಿಗೆ ಹೋದ್ರೂ ಕೇಳಿಸತ್ತೆ. ಸದ್ದು ತೊಂದ್ರೆ ಅಲ್ಲಕ್ಕ. ಹೇಳ್ದೆ ಕೇಳ್ದೆ ಬರತ್ತಲ್ಲ, ಅದು ತೊಂದ್ರೆ. ಮುರಿಯೋಕ್ಮುಂಚೆ ಹೇಳಿ. ಒಂದು ಎರಡು ಮೂರು ಅಂತ ಕೂಗಿ. ನಾವು ರೆಡಿ ಇರ್ತೀವಿ."

ಡಾಕ್ಟರಮ್ಮ ಅವನನ್ನು ನೋಡಿದರು. ಐದು ವಾರದಿಂದ ತಾನು ಹೇಳಿಸಬೇಕೆಂದಿದ್ದ ಮಾತನ್ನು ಬೆಂಚು ಹೇಳಿಸಿತಲ್ಲ ಎಂಬಂತಿತ್ತು ಆ ನೋಟ. "ಮಾಡಿ ನೋಡೋಣ" ಎಂದರು.

"ಮುರಿಯೋವಾಗ ನಾನು ಉಸಿರು ಹಿಡಿದಿರ್ತೀನಿ" ಎಂದಳು ಸೊಸೆ. "ಕೂಗೋಕೆ ಆಗಲ್ಲ."

ಅಷ್ಟರಲ್ಲಿ ನಲ್ಲಿ ಸಿಗದೆ ಮಾವ ಕಾರಿಡಾರಿನ ಕೊನೆಯಿಂದ ವಾಪಸು ಬರುತ್ತಿದ್ದರು. ಹಾರ್ನ್ ಅಣ್ಣ ಊರುಗೋಲು ಎತ್ತಿ ಅವರನ್ನು ತೋರಿಸಿದ. "ಯಜಮಾನ್ರು ಖಾಲಿ ಇದಾರಲ್ಲ. ಯಜಮಾನ್ರೇ, ಎಲ್ಲಿ ಸುತ್ತಾಡ್ತಿದೀರಿ? ಬನ್ನಿ, ನಿಮಗೊಂದು ಡ್ಯೂಟಿ ಇದೆ."

ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. ಬೇಡ ಎನ್ನಲು ಬಾಯಿ ತೆರೆದಳು. ಆದರೆ ಹಾಗೆ ಹೇಳಿದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಹತ್ತು ಜೋಡಿ ಕಣ್ಣುಗಳು ಮಾವನ ಮೇಲಿದ್ದವು. ಅವರು ಮೇಜಿನ ಹತ್ತಿರ ಬಂದರು, ಇನ್ನೊಂದು ಗಾಜು ಇಟ್ಟು ಗೀರಿದರು. ಕಟರ್ ಕೆಳಗಿಟ್ಟರು. ಈ ಸಲ ಹೋಗಲಿಲ್ಲ, ಹೋಗುವಂತಿರಲಿಲ್ಲ.

"ಒಂದು" ಎಂದರು. ಗಂಟಲಲ್ಲೇ ಉಳಿಯಿತು.

"ಕೇಳಿಸ್ತಿಲ್ಲ!" ಒಳಗಿನಿಂದ ಹಾರ್ನ್ ಅಣ್ಣ.

"ಒಂದು! ಎರಡು!" ಮಾವ ಕಂಬಳಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದದ್ದನ್ನು ಸೊಸೆ ನೋಡಿದಳು. ಗಾಜಿನ ಸಮೇತ ಕಂಬಳಿ ಅರ್ಧ ಅಂಗುಲ ಅವರ ಕಡೆಗೆ ಜಾರಿತು. "ಮೂರು!"

ಟಕ್.

ಒಳಗೆ ಸದ್ದಿಲ್ಲ. ಆಮೇಲೆ ಒಂದು ಕುರ್ಚಿ ಕಿರ್ ಎಂದಿತು, ಅಷ್ಟೇ. "ರೈಟ್ ರೈಟ್!" ಎಂದು ಹಾರ್ನ್ ಅಣ್ಣನ ಗಂಟಲು ಕೇಳಿಸಿತು, ಬಸ್ಸು ಬಿಡಲು ಕಂಡಕ್ಟರು ಕೂಗುವ ಹಾಗೆ. ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಆದರೆ ಮುಂದಿನ ಗಾಜಿಗೆ ಕೈ ಹಾಕಿದರು.

ಅವತ್ತು ಅಲ್ಲಿಂದ ಮುಂದೆ ಹನ್ನೊಂದು ಗಾಜು ಮುರಿದವು. ಹನ್ನೊಂದು ಸಲವೂ ಮಾವ ಮೇಜಿನ ಪಕ್ಕದಲ್ಲಿ ನಿಂತಿದ್ದರು. ಒಂದೂವರೆ ವರ್ಷದಲ್ಲಿ ಅದು ಮೊದಲ ಸಲ. ಸಂಜೆ ಮನೆಗೆ ನಡೆಯುತ್ತ, "ಗಂಟಲು ನೋವು" ಎಂದರು.

"ನೀರು ಕುಡೀರಿ ಮಾವ" ಎಂದಳು ಅವಳು. ಅಂದಮೇಲೆ ಮಾತಿನ ಅರ್ಥ ಹೊಳೆದು ತುಟಿ ಕಚ್ಚಿಕೊಂಡಳು. ಮಾವ ಓರೆಗಣ್ಣಿನಲ್ಲಿ ನೋಡಿ, "ಸಾಕಮ್ಮ, ಈ ಜನ್ಮಕ್ಕಾಗೋಷ್ಟು ಕುಡಿದಿದೀನಿ" ಎಂದರು.

ಬುಧವಾರ ಗುರುವಾರ ವೃತ್ತ ಕೂರುವ ದಿನಗಳಲ್ಲ. ಆದರೂ ಹಾರ್ನ್ ಅಣ್ಣ ಬಂದ. ಕೈಯಲ್ಲಿ ಚಹಾದ ಫ್ಲಾಸ್ಕ್ ಹಿಡಿದು, ಈ ಕಡೆ ಏನೋ ಕೆಲಸವಿತ್ತು ಎಂದ. ಈ ಕಡೆ ಶಾಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಮಕ್ಕಳ ಕುರ್ಚಿಯೊಂದನ್ನು ಎಳೆದುಕೊಂಡು ಮೇಜಿನ ಪಕ್ಕ ಕೂತ. "ಮನೇಲಿ ಕೂತ್ರೆ ನನ್ನ ತಲೆ ಬಸ್ ಸ್ಟ್ಯಾಂಡ್ ಆಗ್ಬಿಡತ್ತೆ ಅಕ್ಕ. ಎಲ್ಲರೂ ಬಂದು ಇಳೀತಾರೆ, ಒಬ್ಬರೂ ಹತ್ತಲ್ಲ." ಕಟ್ಟು ಹಾಕಿ ಒಟ್ಟಿದ್ದ ಗಾಜಿನ ಚೂರುಪಟ್ಟಿಗಳನ್ನು ನೋಡಿ, "ಇದು ಎಸೆಯೋದಾ? ಒಂದು ಮುರಿದು ನೋಡ್ಲಾ?" ಎಂದ.

ಮಾವ ಒಂದು ಪಟ್ಟಿಗೆ ಗೀರು ಎಳೆದು ಕೊಟ್ಟರು. ಅದು ಓರೆಯಾಗಿ ಒಡೆಯಿತು.

"ನೀನೇನು ಸ್ಟೇರಿಂಗ್ ಹಿಡಿದಿದೀಯೇನೋ? ತಿರುಗಿಸ್ಬೇಡ" ಎಂದರು ಮಾವ. "ಹೆಬ್ಬೆರಳು ಎರಡೂ ಗೀರಿನ ಅಕ್ಕಪಕ್ಕ. ಮುಷ್ಟಿ ಕೆಳಗೆ. ಬಗ್ಗಿಸು, ಎಳಿ. ಎರಡೂ ಒಟ್ಟಿಗೆ."

ಇನ್ನೊಂದು ಓರೆ. ಮತ್ತೊಂದು ಓರೆ. ನಾಲ್ಕನೆಯದು ನೇರ. ಸೊಸೆ ಏಣಿಯ ಮೇಲೆ ನಿಂತು ಚೌಕಟ್ಟಿಗೆ ಗಾಜು ಅಂಟಿಸುವ ಪುಟ್ಟಿ ಮೆತ್ತುತ್ತಿದ್ದಳು. ಮುದುಕನಿಗೆ ಮಾತಾಡಲು ಒಬ್ಬ ಸಿಕ್ಕ ಎಂದಷ್ಟೇ ಅಂದುಕೊಂಡಳು. ಅವಳ ತಲೆಯ ತುಂಬ ಶುಕ್ರವಾರವೇ ಇತ್ತು. ಮಾವ ಪಕ್ಕದಲ್ಲಿ ನಿಲ್ಲುತ್ತಿದ್ದಾರೆ, ಸದ್ದು ತಡೆಯುತ್ತಿದ್ದಾರೆ. ಇನ್ನೇನು ತಾವೇ ಮುರಿಯುತ್ತಾರೆ. ಒಂದೇ ಒಂದು ಮುರಿದರೆ ಸಾಕು, ತಾನು ನಿಶ್ಚಿಂತೆಯಿಂದ ಶಾಲೆಗೆ ಹೋಗಬಹುದು. ನಾಲ್ಕು ಸಲ ಬೇಕೆಂದೇ ತಡಮಾಡಿ ನೋಡಿದಳು. ಗೀರು ಆರುತ್ತದೆ ಎಂದು ಗೊತ್ತಿದ್ದೂ ಏಣಿಯಿಂದ ನಿಧಾನ ಇಳಿದಳು. ಮಾವ ಕೈಕಟ್ಟಿ ನಿಂತಿದ್ದರೇ ಹೊರತು ಗಾಜು ಮುಟ್ಟಲಿಲ್ಲ. ಅದರಲ್ಲಿ ಒಂದು ಒಡೆದು ಹಾಳಾಯಿತು. ಮಾವ ಅವಳನ್ನೇ ನೋಡಿದರು, ಬೈಯಲಿಲ್ಲ.

ಗುರುವಾರ ಮಧ್ಯಾಹ್ನ ಅವಳು ಮತ್ತೆ ಏಣಿಯ ಮೇಲಿದ್ದಳು. ಕೆಳಗೆ ಇಬ್ಬರು ಗಂಡಸರು ಚಹಾ ಕುಡಿಯುತ್ತಿದ್ದರು.

"ಯಜಮಾನ್ರೇ, ಒಂದು ಕೇಳ್ಲಾ? ನೀವ್ಯಾಕೆ ಮುರಿಯಲ್ಲ?"

ಅವಳ ಕೈಯಲ್ಲಿದ್ದ ಪುಟ್ಟಿ ಅಲ್ಲೇ ನಿಂತಿತು.

"ಸದ್ದು" ಎಂದರು ಮಾವ.

"ಹೂಂ. ನಂಗೆ ಬ್ರೇಕಿನ ಸದ್ದು" ಎಂದ ಹಾರ್ನ್ ಅಣ್ಣ.

ಅಷ್ಟೇ ಮಾತು. ಇಬ್ಬರೂ ಚಹಾ ಮುಗಿಸಿದರು. ಏಣಿಯ ಮೇಲೆ ಅವಳಿಗೆ ಕೆಟ್ಟ ಕೋಪ ಬಂತು. ಒಂದೂವರೆ ವರ್ಷ ಒಂದೇ ಸೂರಿನಡಿ ಇದ್ದು, ಒಂದೇ ಪಾತ್ರೆಯಿಂದ ಉಂಡು, ತಾನು ಕೇಳದೆ ನುಂಗಿಕೊಂಡ ಪ್ರಶ್ನೆಯನ್ನು ಈ ಮನುಷ್ಯ ಮೂರು ದಿನದ ಪರಿಚಯದಲ್ಲಿ ಕೇಳಿಬಿಟ್ಟ. ಮಾವ ಒಂದೇ ಪದದಲ್ಲಿ ಹೇಳಿಯೂಬಿಟ್ಟರು. ಆಮೇಲೆ ಪುಟ್ಟಿಯನ್ನು ಒತ್ತುತ್ತ ಒತ್ತುತ್ತ ಅವಳಿಗೇ ಅನ್ನಿಸಿತು: ಕೇಳದೇ ಇದ್ದದ್ದು ಯಾರು? ತಾನೇ ತಾನೆ.

ಶುಕ್ರವಾರ ಬೆಳಗ್ಗೆ ನಾಲ್ಕನೇ ಕ್ಲಾಸಿನ ಕೊನೆಯ ಕಿಟಕಿ ಬಾಕಿ ಇತ್ತು. ಒಳಗೆ ವೃತ್ತ ಕೂತಿತ್ತು, ಬಾಗಿಲು ಈಗ ತೆರೆದೇ ಇರುತ್ತಿತ್ತು. ಮಾವ ಗೀರು ಎಳೆಯಲು ಕಟರನ್ನು ಸೀಮೆಎಣ್ಣೆಗೆ ಅದ್ದುತ್ತಿದ್ದಾಗ ಅಂಗಳದ ಆಚೆಯಿಂದ ಹೆಡ್ ಮೇಡಂ ಕೈಬೀಸಿ ಕರೆದರು.

"ಐದು ನಿಮಿಷ ಮಾವ. ಗೀರಬೇಡಿ, ಬಂದ್ಬಿಡ್ತೀನಿ."

"ಹೋಗು ಹೋಗು."

ಹೆಡ್ ಮೇಡಂ ಆಫೀಸಿನಲ್ಲಿ ಮೇಜು ಬಿಟ್ಟರೆ ಎಲ್ಲ ಹೊಸದು. ಮೇಜಿನ ಒಂದು ಕಾಲು ಸುಟ್ಟಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ಬರ್ತೀಯೋ, ಬೇರೆಯವರನ್ನ ನೋಡ್ಲೋ? ಮೂರು ಕ್ಲಾಸಿನ ಮಕ್ಕಳು ಎರಡು ವರ್ಷದಿಂದ ಭಾಗಾಕಾರ ಮರೆತು ಕೂತಿದಾವೆ."

"ಮೇಡಂ, ಮಾವನಿಗೆ ಇನ್ನೂ ಹೇಳಿಲ್ಲ."

"ಯಾಕೆ, ಬೇಡ ಅಂತಾರಾ?"

"ಬೇಡ ಅಂದಿದ್ರೆ ಜಗಳ ಆಡ್ಬಹುದಿತ್ತು. ಹೋಗು ಅಂತಾರೆ. ಅದೇ ಕಷ್ಟ."

ಹೆಡ್ ಮೇಡಂ ಒಂದು ಒಪ್ಪಿಗೆ ಪತ್ರವನ್ನು ಅವಳ ಮುಂದೆ ಸರಿಸಿ, ಪೆನ್ನು ಮೇಲಿಟ್ಟರು. ಅವಳು ಪೆನ್ನು ಮುಟ್ಟಲಿಲ್ಲ. ಇನ್ನೊಂದು ವಾರ ಕೊಡಿ ಎಂದು ಕೇಳುವುದು, ಆ ವಾರದ ಕೊನೆಗೆ ಆಗಲ್ಲ ಎಂದು ಹೇಳುವುದು ಎಂದುಕೊಂಡು ಬಾಯಿ ತೆರೆದಳು.

ಅಂಗಳದ ಆಚೆಯಿಂದ ಕೇಳಿಸಿತು. "ಒಂದು!"

ಅವಳು ಎದ್ದು ನಿಂತಳು. ತಾನಿಲ್ಲಿದ್ದೇನೆ. ಮತ್ತೆ ಯಾರಿಗಾಗಿ ಕೂಗುತ್ತಿದ್ದಾರೆ?

"ಎರಡು! ಮೂರು!"

ಟಕ್. ನೇರವಾದ, ತೆಳುವಾದ, ಒಂದೇ ಸದ್ದು. ಒಳ್ಳೆಯ ಮುರಿತದ ಸದ್ದು ಯಾವುದೆಂದು ಅವಳಿಗೀಗ ಕಿವಿಯಲ್ಲೇ ಗೊತ್ತಿತ್ತು. ಆಮೇಲೆ ನಾಲ್ಕನೇ ಕ್ಲಾಸಿನಿಂದ ಚಪ್ಪಾಳೆ.

ಮುರಿದರು. ಮಾವ ಮುರಿದರು! ಅವಳು ನಿಂತಲ್ಲೇ ಬಗ್ಗಿ ಕಾಗದಕ್ಕೆ ಸಹಿ ಹಾಕಿದಳು. ಪೆನ್ನಿನ ಮುಚ್ಚಳ ಕೂಡ ಹಾಕದೆ ಓಡಿದಳು. "ಏ ಹುಡುಗಿ, ತಾರೀಖು!" ಎಂದು ಹೆಡ್ ಮೇಡಂ ಹಿಂದಿನಿಂದ ಕೂಗುತ್ತಲೇ ಇದ್ದರು.

ಕಾರಿಡಾರಿನಲ್ಲಿ ವೃತ್ತದವರೆಲ್ಲ ಮೇಜಿನ ಸುತ್ತ ನಿಂತಿದ್ದರು. ಊರುಗೋಲು ನೆಲದ ಮೇಲಿತ್ತು. ಮೇಜಿಗೆ ಸೊಂಟ ಆನಿಸಿ, ಎರಡು ಕೈಯಲ್ಲಿ ಮುರಿದ ಗಾಜನ್ನು ಕಪ್ ಗೆದ್ದವನ ಹಾಗೆ ಎತ್ತಿ ಹಿಡಿದು ನಿಂತಿದ್ದವನು ಹಾರ್ನ್ ಅಣ್ಣ. ಮಾವ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು, ಕಂಬಳಿಯ ತುದಿ ಅವರ ಬೆರಳಿನಲ್ಲೇ ಇತ್ತು.

"ಮುರಿದಿದ್ದು ಇವನಾ?"

"ನೋಡಕ್ಕ ನೋಡು! ದಾರ ಹಿಡಿದ ಹಾಗಿದೆ!" ಎಂದ ಹಾರ್ನ್ ಅಣ್ಣ.

"ನೀವಲ್ವಾ?" ಅವಳು ಮಾವನ ಕಡೆ ತಿರುಗಿದಳು. ಜನ ಇದ್ದಾರೆಂಬುದೂ ಮರೆತುಹೋಯಿತು. "ನಾನು ನೀವು ಅಂದ್ಕೊಂಡೆ. ನೀವೇ ಮುರಿದ್ರಿ ಅಂತ ಸಹಿ ಹಾಕ್ಬಿಟ್ಟೆ ಮಾವ!"

"ಒಳ್ಳೇದಾಯ್ತು" ಎಂದರು ಮಾವ.

"ಏನಕ್ಕೆ ಸಹಿ ಅಂತಾನೂ ಕೇಳಲ್ವಾ?"

"ಹನ್ನೆರಡು ದಿನದಿಂದ ಟೇಪು ಬೇಕು ಅಂದಾಗೆಲ್ಲ ನಿನ್ನ ಚೀಲಕ್ಕೆ ಕೈ ಹಾಕ್ತಿದೀನಿ. ಪ್ರತಿ ಸಲ ಆ ಕಾಗದ ಕೈಗೆ ಬರತ್ತೆ. ನಾನು ಮುದುಕ ಅಮ್ಮ, ಕುರುಡ ಅಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಹೊಲಿಗೆಯಮ್ಮ ಮಧ್ಯೆ ಬಾಯಿ ಹಾಕಿದರು. "ಒಳಗೆ ಬನ್ನಿ ಇಬ್ರೂ, ಕುರ್ಚಿ ಖಾಲಿ ಇದಾವೆ. ನಾವೂ ಹೀಗೇ ಶುರು ಮಾಡಿದ್ದು." ಡಾಕ್ಟರಮ್ಮ ಅವರ ಭುಜ ಮುಟ್ಟಿ ಸುಮ್ಮನಿರಿಸಿದರು. ಆದರೆ ತಾವೂ ಒಳಗೆ ಹೋಗಲಿಲ್ಲ, ನಿಂತು ಕೇಳುತ್ತಲೇ ಇದ್ದರು.

ಮಾವ ಗಾಜನ್ನು ಹಾರ್ನ್ ಅಣ್ಣನ ಕೈಯಿಂದ ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಎಳೆದರು. "ನೋಡು. ನಾನು ಮುರಿದ ಮೇಲೇ ನೀನು ಹೋಗೋದು ಅಂತ ಕೂತ್ರೆ, ನೀನು ಅದೇ ಮೇಜಿನ ಹತ್ರ ಮುದುಕಿ ಆಗ್ತೀಯ. ಗುರುವಾರ ಏಣಿಯಿಂದ ಮೂರು ಮೆಟ್ಟಿಲು ಇಳಿಯೋಕೆ ಮೂರು ನಿಮಿಷ ಮಾಡಿದ್ಯಲ್ಲ, ಆಗ್ಲೇ ನಂಗೆ ಗೊತ್ತಾಯ್ತು. ಒಂದು ಒಳ್ಳೇ ಗಾಜು ಹಾಳು ಮಾಡ್ಸಿದೆ. ನನ್ನಿಂದ ಇನ್ನೂ ಆಗಲ್ಲ. ಸದ್ದು ಕೇಳ್ಕೊಂಡು ನಿಲ್ತೀನಿ, ಅಷ್ಟು ಆಗತ್ತೆ. ನನ್ನ ಕೈಯಿಂದ ಆ ಸದ್ದು ಬರೋದು ಇವತ್ತಿಗೆ ಆಗಲ್ಲ. ಇವನು ಮುರೀತಾನೆ, ನಾನು ಗೀರ್ತೀನಿ, ಕೂಗ್ತೀನಿ. ಅಂಗಡಿ ನಡೆಯತ್ತೆ."

"ಬಸ್ಸಿಗಿಂತ ವಾಸಿ ಅಕ್ಕ" ಎಂದ ಹಾರ್ನ್ ಅಣ್ಣ. "ಇದಕ್ಕೆ ಬ್ರೇಕ್ ಇಲ್ಲ."

"ಬಾಯಿಗೂ ಇಲ್ಲ" ಎಂದರು ಮಾವ.

ಇಷ್ಟು ಉದ್ದದ ಮಾತನ್ನು ಮಾವ ಒಂದೇ ಉಸಿರಿಗೆ ಆಡಿದ್ದನ್ನು ಅವಳು ಗಂಡ ಸತ್ತ ಮೇಲೆ ಕೇಳಿರಲಿಲ್ಲ. "ಹಾಗಾದ್ರೆ ನೀವು? ಹೀಗೇ ಇದ್ದುಬಿಡೋದಾ?" ಎಂದಳು.

"ಮಂಗಳವಾರದಿಂದ ಒಳಗೆ ಕೂರ್ತೀನಿ. ಡಾಕ್ಟರಮ್ಮ ಒಂದು ಕುರ್ಚಿ ಇಡ್ತೀನಿ ಅಂದಿದಾರೆ. ದೊಡ್ಡವರ ಕುರ್ಚಿ ಇಟ್ರೆ ಬರ್ತೀನಿ ಅಂತ ನಾನೂ ಹೇಳಿದೀನಿ."

ಕಿಟಕಿಗೆ ಗಾಜು ಕೂರಿಸಿದರು. ಹಾರ್ನ್ ಅಣ್ಣನನ್ನು ಬಿಟ್ಟು ವೃತ್ತದವರು ಒಳಗೆ ಹೋಗಿ ಕೂತರು. ಉಳಿದದ್ದು ಮಹಡಿಯ ಮೇಲೆ, ಮೆಟ್ಟಿಲ ಪಕ್ಕದ ಒಂದೇ ಕೋಣೆ, ಅದರಲ್ಲಿ ಒಂದೇ ಕಿಟಕಿ. ಅವಳ ಹಳೇ ಕ್ಲಾಸು. ಅಲ್ಲೇ ಡೆಸ್ಕ್ ಜೋಡಿಸಿ ಕಂಬಳಿ ಹಾಸಿದರು. ಕಪ್ಪು ಹಲಗೆಯ ಮೂಲೆಯಲ್ಲಿ ಅವಳದೇ ಕೈಯ ಒಂದು ಭಿನ್ನರಾಶಿ ಇನ್ನೂ ಉಳಿದಿತ್ತು, ಉತ್ತರ ಬರೆಯುವ ಮುಂಚೆ ಸೈರನ್ ಆಗಿತ್ತು. ಅದನ್ನು ಒರೆಸಲು ಬಟ್ಟೆ ತೆಗೆದುಕೊಂಡಳು. ಮತ್ತೆ ಇಟ್ಟಳು. ಸೀಮೆಸುಣ್ಣದ ಚೂರು ಹುಡುಕಿ ಉತ್ತರ ಬರೆದಳು, ಆಮೇಲೆ ಒರೆಸಿದಳು.

ಹಾರ್ನ್ ಅಣ್ಣ ಅಂಗಿಯ ತೋಳು ಮಡಚಿಕೊಂಡು ಮೇಜಿಗೆ ಬಂದ. "ಇದು ನಂದು" ಎಂದಳು ಅವಳು. ಅವನು ಏನೂ ಕೇಳದೆ ಹಿಂದೆ ಸರಿದ.

ಮಾವ ಗೀರಿದರು.

"ಮಾವ, ಶನಿವಾರ ಅಂಗಡಿಗೆ ಬರ್ತೀನಿ. ಎಲ್ಲ ಶನಿವಾರ. ಮುರಿಯೋಕೆ ಒಂದಷ್ಟು ಎತ್ತಿಡಿ."

"ನಿಂಗ್ಯಾಕೆ ಇನ್ನೂ? ಇವನಿದಾನಲ್ಲ."

"ನಿಮಗೆ ಆ ಸದ್ದು ಆಗಲ್ಲ. ನಂಗೆ ಆ ಸದ್ದೇ ಬೇಕು. ಅದಿಲ್ದೆ ಇದ್ದ ದಿನ ನಿದ್ದೆ ಬರಲ್ಲ." ಹೇಳಿದ ಮೇಲೆ ಅವಳಿಗೇ ಅಚ್ಚರಿಯಾಯಿತು, ಇದೇನು ಇಷ್ಟು ಸಣ್ಣ ಮಾತಾ ಎಂದು.

ಮಾವ ಅವಳನ್ನು ನೋಡಿದರು. ಒಂದೂವರೆ ವರ್ಷ ಸೊಸೆ ತಮಗಾಗಿ ಮುರಿಯುತ್ತಿದ್ದಾಳೆ ಎಂದು ಅವರು ಅಂದುಕೊಂಡಿದ್ದರು. "ಹೂಂ" ಎಂದರು. "ಹಾಗಾದ್ರೆ ಮಂಗಳವಾರ ಎರಡು ಕುರ್ಚಿ ಹೇಳ್ಲಾ?"

"ಮಂಗಳವಾರ ನಂಗೆ ಕ್ಲಾಸ್ ಇರತ್ತೆ."

"ಶಾಲೆ ತೆರೆದ ಮೇಲೆ ನಾಲ್ಕು ಗಂಟೆಗೆ ಮಾಡ್ತಾರಂತೆ. ಇದೇ ಕಟ್ಟಡ. ನಿಂಗೆ ಬಸ್ಸೂ ಬೇಕಾಗಿಲ್ಲ."

"ಬಸ್ಸಿನ ಸುದ್ದಿ ಯಾಕೆ ತೆಗೀತೀರಿ?" ಎಂದ ಹಾರ್ನ್ ಅಣ್ಣ.

"ಆಮೇಲೆ ಹೇಳ್ತೀನಿ ಮಾವ. ಗೀರು ಆರ್ತಿದೆ."

ಮಾವ ಕಂಬಳಿಯ ತುದಿ ಹಿಡಿದುಕೊಂಡರು. "ಒಂದು" ಎಂದರು, ಕೆಳಗಿನ ನಾಲ್ಕನೇ ಕ್ಲಾಸಿಗೂ ಕೇಳಿಸುವಷ್ಟು ಜೋರಾಗಿ. "ಎರಡು." ಕೆಳಗೆ ನಡೆಯುತ್ತಿದ್ದ ಮಾತು ನಿಂತಿತು. ಅವಳು ಹೆಬ್ಬೆರಳುಗಳನ್ನು ಗೀರಿನ ಅಕ್ಕಪಕ್ಕ ಇಟ್ಟು, ಉಸಿರು ಹಿಡಿದಳು.

"ಮೂರು."

ಟಕ್.

"ಎರಡು ಕುರ್ಚಿ" ಎಂದಳು ಅವಳು. "ಹೇಳ್ಬಿಡಿ."